ಮನೆಯ ಮೂರೂ ಕಂಪ್ಯೂಟರಿನಲ್ಲಿ ಒಂದೇ ಇ-ಪುಸ್ತಕದ ಕಪಾಟು: ನೀವು ಹೇಗೆ ಮಾಡಿದ್ದೀರಿ?

ಕಾರವಾರದಿಂದ ಕೇಳಿದ್ದು: ನನ್ನ ಲ್ಯಾಪ್‌ಟಾಪ್, ಮಗಳದ್ದೊಂದು, ಅಪ್ಪನ ಹಳೇ ಡೆಸ್ಕ್‌ಟಾಪ್. ಮೂರರಲ್ಲೂ ಇ-ಪುಸ್ತಕ ಜೋಡಿಸಿಡುವ ಕ್ಯಾಲಿಬರ್ ತಂತ್ರಾಂಶ ಇದೆ, ಪುಸ್ತಕಗಳು ಮಾತ್ರ ಒಂದೊಂದರಲ್ಲಿ ಒಂದೊಂದು. ಎಲ್ಲಾ ಕಡೆ ಒಂದೇ ಲೈಬ್ರರಿ ಸಿಗಬೇಕು. ಮಾಡಿ ನೋಡಿದವರು ಹೇಳಿ.

ಶಿರಸಿಯಿಂದ: ಮೊದಲು ನಾನು ಕೆಟ್ಟ ಕಥೆ ಹೇಳುತ್ತೇನೆ. ಲೈಬ್ರರಿ ಫೋಲ್ಡರನ್ನು ಸುಮ್ನೆ ಒಂದು ಕ್ಲೌಡ್ ಫೋಲ್ಡರಿನೊಳಗೆ ಹಾಕಿಟ್ಟಿದ್ದೆ. ಒಂದು ಸಂಜೆ ಕೆಳಗೆ ನಾನು ಲೇಖಕರ ಹೆಸರು ತಿದ್ದುತ್ತಾ ಕೂತಿದ್ದೆ, ಅದೇ ಹೊತ್ತಿಗೆ ಮಹಡಿಯಲ್ಲಿ ಹೆಂಡತಿ ಅಡುಗೆ ಪುಸ್ತಕ ಸೇರಿಸುತ್ತಿದ್ದಳು. ಬೆಳಿಗ್ಗೆ ನೋಡಿದರೆ ಎರಡು ಮೆಟಾಡೇಟಾ.ಡಿಬಿ! ಪಟ್ಟಿಯೆಲ್ಲ ಇರುವುದು ಆ ಒಂದು ಫೈಲಿನಲ್ಲೇ, ಅದನ್ನು ಎರಡು ಕಡೆಯಿಂದ ಬರೆದರೆ ಯಾವುದೋ ಒಂದು ಸೋಲುತ್ತದೆ. ಸೋತದ್ದು ಅವಳದ್ದು, ಬೈಗುಳ ತಿಂದದ್ದು ನಾನು. ಪುಣ್ಯಕ್ಕೆ ಪುಸ್ತಕಗಳು ಡಿಸ್ಕಿನಲ್ಲೇ ಇದ್ದವು. ಪ್ರತಿ ಪುಸ್ತಕದ ಫೋಲ್ಡರಿನಲ್ಲೂ ಅದರ ವಿವರ ಬರೆದಿಟ್ಟ ಒಂದು ಓಪಿಎಫ್ ಫೈಲ್ ಇರುತ್ತದಲ್ಲ, ಲೈಬ್ರರಿ ಮೇಂಟೆನೆನ್ಸ್‌ಗೆ ಹೋಗಿ ರಿಸ್ಟೋರ್ ಡೇಟಾಬೇಸ್ ಒತ್ತಿದಾಗ ಅವುಗಳಿಂದಲೇ ಪಟ್ಟಿ ಮತ್ತೆ ಎದ್ದು ಬಂತು.

ಈಗ ಸಿಂಕ್‌ಥಿಂಗ್ ಹಾಕಿದ್ದೇನೆ, ಒಂದು ಫೋಲ್ಡರನ್ನು ಹಲವು ಕಂಪ್ಯೂಟರುಗಳಲ್ಲಿ ಒಂದೇ ಥರ ಇಡುವ ತಂತ್ರಾಂಶ. ನನ್ನ ಕಂಪ್ಯೂಟರ್ 'ಸೆಂಡ್ ಓನ್ಲಿ' (ಕಳಿಸುವುದು ಮಾತ್ರ), ಉಳಿದವು 'ರಿಸೀವ್ ಓನ್ಲಿ' (ಪಡೆಯುವುದು ಮಾತ್ರ). ಸೇರಿಸುವುದು, ತಿದ್ದುವುದು ಎಲ್ಲ ಒಂದೇ ಕಡೆ. ಬೇರೆ ಕಡೆ ಯಾರಾದರೂ ಕೈಯಾಡಿಸಿದರೆ ಅಲ್ಲೇ 'ರಿವರ್ಟ್ ಲೋಕಲ್ ಚೇಂಜಸ್' ಬಟನ್ ಬರುತ್ತದೆ, ಕ್ಯಾಲಿಬರ್ ಮುಚ್ಚಿ ಒತ್ತಿದರೆ ಆ ಬದಲಾವಣೆ ರದ್ದಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಇಂಟರ್‌ನೆಟ್ ಹೋದರೆ ಮತ್ತೆ ಯಾವಾಗ ಬರುತ್ತದೋ ದೇವರೇ ಬಲ್ಲ, ಆದರೆ ಇದು ಮನೆಯ ವೈಫೈ ಮೇಲೇ ನಡೆಯುತ್ತದೆ, ರೂಟರ್ ಇನ್ವರ್ಟರಿಗೆ ಸಿಕ್ಕಿಸಿದ್ದರೆ ಸಾಕು.

ಕುಮಟಾದಿಂದ: ಓದೋಕೆ ಮಾತ್ರ ಆದರೆ ಇಷ್ಟೆಲ್ಲ ಯಾಕೆ? ಒಂದು ಕಂಪ್ಯೂಟರಿನಲ್ಲಿ ಕ್ಯಾಲಿಬರಿನ ಕಂಟೆಂಟ್ ಸರ್ವರ್ ಶುರು ಮಾಡಿ. ಉಳಿದವರು ಬ್ರೌಸರಿನಲ್ಲಿ ಅದರ ಐಪಿ ವಿಳಾಸ, ಕೊನೆಗೆ :8080 ಹಾಕಿದರೆ ಮುಗೀತು. ಫೋನಿನಲ್ಲೂ ಓದಬಹುದು. ಆ ಕಂಪ್ಯೂಟರ್ ಆನ್ ಇರಬೇಕು, ಅಷ್ಟೇ.

ಹೊನ್ನಾವರದಿಂದ: ಸಿಂಕ್ ಅಂದರೆ ಬ್ಯಾಕಪ್ ಅಲ್ಲ ಮಾರಾಯ್ರೆ. ಕಳಿಸುವ ಕಡೆ ಅಳಿಸಿದರೆ ಎಲ್ಲ ಕಡೆ ಹೋಗುತ್ತದೆ. ರಿಸೀವ್ ಮಾಡುವ ಕಡೆ ಫೈಲ್ ವರ್ಷನಿಂಗ್ (ಅಳಿಸಿದ, ಬದಲಾದ ಫೈಲಿನ ಹಳೇ ಪ್ರತಿ ಉಳಿಸಿಡುವ ಆಯ್ಕೆ) ಹಾಕಿಡಿ, ತಿಂಗಳಿಗೊಮ್ಮೆ ಹಾರ್ಡ್‌ಡಿಸ್ಕಿಗೂ ಕಾಪಿ ಮಾಡಿ.

ಮತ್ತೆ ಕಾರವಾರ: ಶಿರಸಿಯವರ ದಾರಿ ಹಿಡಿಯುತ್ತೇನೆ. ಆದರೆ ಮಗಳಿಗೆ ತಾನೂ ಪುಸ್ತಕ ಸೇರಿಸಬೇಕಂತೆ, ಅದಕ್ಕೇನು ಮಾಡೋದು?

ಶಿರಸಿಯಿಂದ: 'ಹೊಸತು' ಅಂತ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಎರಡೂ ಕಡೆಯಿಂದ ಸಿಂಕ್ ಆಗಲು ಬಿಡಿ. ನಿಮ್ಮ ಕ್ಯಾಲಿಬರಿನ ಆಟೊಮ್ಯಾಟಿಕ್ ಆಡಿಂಗ್‌ನಲ್ಲಿ ಆ ಫೋಲ್ಡರ್ ತೋರಿಸಿ. ಅವಳು ಅಲ್ಲಿ ಹಾಕಿದ್ದನ್ನು ಅದೇ ಎತ್ತಿಕೊಂಡು, ಫೋಲ್ಡರಿನಿಂದ ಅಳಿಸುತ್ತದೆ. ಖಾಲಿ ಕಂಡರೆ ಪುಸ್ತಕ ಸೇರಿತು ಅಂತ ಅವಳಿಗೆ ಹೇಳಿಡಿ, ಇಲ್ಲದಿದ್ದರೆ ಕಳೆದುಹೋಯಿತು ಅಂತ ಗಲಾಟೆ ಮಾಡ್ತಾಳೆ.