ಫ್ರೀ ಡಿಶ್ ಬಾಕ್ಸ್: ರೆಕಾರ್ಡಿಂಗ್ ಮಧ್ಯದಲ್ಲೇ ನಿಲ್ಲುತ್ತೆ, ಟೈಮರ್ ಹೊತ್ತಲ್ಲದ ಹೊತ್ತಿಗೆ ಶುರುವಾಗುತ್ತೆ

ಪ್ರಶ್ನೆ:
ಡಿಡಿ ಫ್ರೀ ಡಿಶ್‌ಗೆ ಎಂಪೆಗ್-4 ಸೆಟ್‌ಟಾಪ್ ಬಾಕ್ಸ್ ಇದೆ, 64 ಜಿಬಿ ಪೆನ್‌ಡ್ರೈವ್ ಹಾಕಿದೀವಿ. ಡಿಡಿ ಸ್ಪೋರ್ಟ್ಸ್‌ನಲ್ಲಿ ಮ್ಯಾಚ್ ರೆಕಾರ್ಡ್‌ಗೆ ಬಿಟ್ಟರೆ ಮೂರು ಗಂಟೆ ಚಿಲ್ಲರೆಗೆ ನಿಂತುಹೋಗುತ್ತೆ. ಜಾಗ ಬೇಕಾದಷ್ಟಿದೆ. ಇನ್ನೊಂದು, ಚಂದನದಲ್ಲಿ ಸಂಜೆ 7ಕ್ಕೆ ಟೈಮರ್ ಇಟ್ಟರೆ ಫೈಲ್ ಹೆಸರಲ್ಲಿ 1900 ಅಂತಲೇ ಇರುತ್ತೆ, ಒಳಗೆ ಮಾತ್ರ ನಡುರಾತ್ರಿ ಕಾರ್ಯಕ್ರಮ. ಹಾರ್ಡ್ ಡಿಸ್ಕ್ ಹಾಕಿದ್ರೆ ಸರಿಹೋಗುತ್ತಾ?

ಉತ್ತರ 1:
ನಿಂತ ಫೈಲನ್ನ ಕಂಪ್ಯೂಟರಲ್ಲಿ ನೋಡಿ. ಸೈಜ್ 3.99 ಜಿಬಿ ಅಂತ ತೋರಿಸಿದ್ರೆ ಪೆನ್‌ಡ್ರೈವ್ ಫ್ಯಾಟ್32 (ಫೈಲ್‌ಗಳನ್ನ ಜೋಡಿಸಿಡೋ ಒಂದು ಹಳೇ ಬಗೆ) ಅಂತಲೇ ಅರ್ಥ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಸೆಕೆಂಡಿಗೆ 3 ಮೆಗಾಬಿಟ್ ಬರೋ ಚಾನೆಲ್‌ಗೆ ಅದು ಸುಮಾರು 3 ಗಂಟೆ 10 ನಿಮಿಷ, ನಿಮ್ಮ ಲೆಕ್ಕಕ್ಕೆ ಕೂತುಬಿಡುತ್ತೆ. ಕೆಲವು ಬಾಕ್ಸ್ ತಾವೇ ತುಂಡು ಮಾಡಿ ಮುಂದುವರಿಸ್ತವೆ, ನಿಮ್ಮದು ಮಾಡ್ತಿಲ್ಲ.

ಬೇಕಾದ್ದನ್ನೆಲ್ಲ ಕಾಪಿ ಮಾಡ್ಕೊಂಡು, ಬಾಕ್ಸ್‌ನ ಪಿವಿಆರ್ (ರೆಕಾರ್ಡಿಂಗ್) ಮೆನುವಿನಲ್ಲೇ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಆ ಬಗೆಯಲ್ಲಿ 4 ಜಿಬಿ ಮಿತಿ ಇಲ್ಲ. ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಬಗೆ ಬೇಡ, ಇಂಥ ಬಾಕ್ಸ್‌ಗಳಲ್ಲಿ ಬಹುತೇಕ ಅದನ್ನ ಗುರುತೇ ಹಿಡಿಯಲ್ಲ. ಹಾರ್ಡ್ ಡಿಸ್ಕ್ ತಂದರೂ ಅದು ಫ್ಯಾಟ್32 ಇದ್ದರೆ ಇದೇ ಹಣೆಬರಹ.

ಉತ್ತರ 2:
ಟೈಮರ್ ವಿಷಯಕ್ಕೆ: ಇನ್ಫೋ ಒತ್ತಿ ಬಾಕ್ಸ್‌ನ ಗಡಿಯಾರ ನೋಡಿ, ಐದೂವರೆ ಗಂಟೆ ಹಿಂದಿರುತ್ತೆ. ಸಿಗ್ನಲ್ ಜೊತೆ ಬರೋದು ಗ್ರೀನಿಚ್ ಸಮಯ, ನಮ್ಮ ಸಮಯಕ್ಕೆ ತಿರುಗಿಸ್ಕೊಳ್ಳೋದು ಬಾಕ್ಸ್‌ನ ಕೆಲಸ. ಆಫ್‌ಸೆಟ್ (ಗ್ರೀನಿಚ್ ಸಮಯಕ್ಕೆ ಕೂಡಿಸಬೇಕಾದ ವ್ಯತ್ಯಾಸ) ಸೊನ್ನೆ ಇದ್ದರೆ ಬಾಕ್ಸ್‌ನ ಸಂಜೆ 7 ಅಂದ್ರೆ ನಮಗೆ ರಾತ್ರಿ 12:30. ಟೈಮ್ ಸೆಟ್ಟಿಂಗ್‌ನಲ್ಲಿ ಜಿಎಂಟಿ ಆಫ್‌ಸೆಟ್ +5:30 ಕೊಡಿ, ಸಮ್ಮರ್ ಟೈಮ್ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡೋ ಹೊರದೇಶಗಳ ಪದ್ಧತಿ) ಆಫ್ ಇರಲಿ. ಅದು ಆನ್ ಇದ್ದರೆ ಟೈಮರ್ ಒಂದು ಗಂಟೆ ಮುಂಚೆ ಓಡುತ್ತೆ. ಬಾಕ್ಸ್‌ನ ರಿಮೋಟ್‌ನಿಂದ ಸ್ಟ್ಯಾಂಡ್‌ಬೈ ಹಾಕಿ, ಗೋಡೆ ಸ್ವಿಚ್ ಆರಿಸಿದ್ರೆ ಟೈಮರ್ ಎದ್ದೇಳಲ್ಲ.

ಪ್ರಶ್ನೆ ಕೇಳಿದವರು:
ಗಡಿಯಾರ ಸರಿಯಾಯ್ತು, ಧನ್ಯವಾದ ಸರ್. ಫೈಲ್ 3.99 ಜಿಬಿನೇ ಇದೆ. ಆದ್ರೆ ಮೆನುವಿನಲ್ಲಿ ಫ್ಯಾಟ್32 ಬಿಟ್ಟು ಬೇರೆ ಆಯ್ಕೆ ಇಲ್ಲ.

ಉತ್ತರ 3:
ಕಂಪ್ಯೂಟರಲ್ಲಿ ಎನ್‌ಟಿಎಫ್‌ಎಸ್ ಮಾಡಿ, ಬಾಕ್ಸ್‌ಗೆ ಹಾಕಿ ಎರಡು ನಿಮಿಷ ರೆಕಾರ್ಡ್ ಒತ್ತಿ ನೋಡಿ. ಕೆಲವು ಬಾಕ್ಸ್ ಎನ್‌ಟಿಎಫ್‌ಎಸ್ ಓದ್ತವೆ, ಬರೆಯಲ್ಲ. ಹಾಗಾದ್ರೆ ವಾಪಸ್ ಫ್ಯಾಟ್32 ಮಾಡಿ, ಮ್ಯಾಚ್‌ಗೆ ಎರಡೂವರೆ ಗಂಟೆಯ ಟೈಮರ್‌ಗಳನ್ನ ಒಂದರ ಹಿಂದೊಂದು ಇಡಿ. ನಡುವೆ ಒಂದು ನಿಮಿಷ ಬಿಡಿ, ಒಂದರ ಮೇಲೊಂದು ಬಂದ್ರೆ ಎರಡನೆಯದನ್ನ ತಗೊಳ್ಳಲ್ಲ. ಟೈಮರ್ ಮೋಡ್ 'ರೆಕಾರ್ಡ್' ಇದೆಯಾ ನೋಡ್ಕೊಳ್ಳಿ. 'ವ್ಯೂ' ಇದ್ದರೆ ಚಾನೆಲ್ ಬದಲಾಯಿಸಿ ಸುಮ್ಮನಿರುತ್ತೆ.

ಹಾರ್ಡ್ ಡಿಸ್ಕ್‌ಗೆ ಆತುರ ಬೇಡ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, ಡಿಸ್ಕ್ ತಿರುಗೋಕೆ ಶುರುವಾಗುವಾಗ ಅದಕ್ಕಿಂತ ಹೆಚ್ಚು ಎಳೀಬಹುದು. ಟಕ್ ಟಕ್ ಅಂತ ಸದ್ದು ಬಂದು ಬಾಕ್ಸ್ ರೀಸ್ಟಾರ್ಟ್ ಆದ್ರೆ ಇದೇ ಕಾರಣ. ಆಗ ಸ್ವಂತ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ಬೇಕು.

ಬಾಕ್ಸ್‌ನಲ್ಲಿ ಟ್ಯೂನರ್ (ಸಿಗ್ನಲ್ ಹಿಡಿಯೋ ಭಾಗ) ಒಂದೇ ಇರೋದ್ರಿಂದ, ರೆಕಾರ್ಡ್ ಆಗ್ತಿರುವಾಗ ಅದೇ ಫ್ರೀಕ್ವೆನ್ಸಿಯ ಚಾನೆಲ್‌ಗಳು ಮಾತ್ರ ಸಿಗ್ತವೆ. ಮನೆಯಲ್ಲಿ ಯಾರಾದ್ರೂ ಬೇರೆ ಚಾನೆಲ್ ಒತ್ತಿ, ಬಾಕ್ಸ್ 'ರೆಕಾರ್ಡಿಂಗ್ ನಿಲ್ಲಿಸಲೇ?' ಅಂತ ಕೇಳಿದಾಗ ಓಕೆ ಕೊಟ್ರೆ ಅಲ್ಲಿಗೇ ಮುಗೀತು.