ಹಕ್ಕುಗಳ ವಕೀಲಿಕೆ: ಹುಬ್ಬಳ್ಳಿಯ ವಕೀಲೆಯೊಬ್ಬರ ಜೊತೆ ಪ್ರಶ್ನೋತ್ತರ

ಗುಂಪಿನ ಸದಸ್ಯರಿಗೆ: ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವವರು ಹುಬ್ಬಳ್ಳಿಯಲ್ಲಿ ಕಚೇರಿ ಇಟ್ಟುಕೊಂಡು ಗದಗ, ಹಾವೇರಿ ಕೋರ್ಟುಗಳಿಗೂ ಧಾರವಾಡದ ಹೈಕೋರ್ಟ್ ಪೀಠಕ್ಕೂ ಓಡಾಡುವ ವಕೀಲೆ. ಜಾತಿ ದೌರ್ಜನ್ಯ, ಅಕ್ರಮ ಬಂಧನ, ಪೌರಕಾರ್ಮಿಕರ ಪ್ರಕರಣಗಳನ್ನು ನಡೆಸುತ್ತಾರೆ. ಕಕ್ಷಿದಾರರ ಹೆಸರು, ಊರು ಕೇಳಬೇಡಿ ಎಂದು ಕೇಳಿಕೊಂಡಿದ್ದಾರೆ.

ಪ್ರಶ್ನೆ (ಗದಗ, ಎಲ್‌ಎಲ್‌ಬಿ ಕೊನೇ ವರ್ಷ): ಮೇಡಂ, ನಾಗರಿಕ ಹಕ್ಕುಗಳ ವಕೀಲ ಆಗಬೇಕಂತ ನನ್ನ ಆಸೆ ಐತ್ರಿ. ಯಾರನ್ನ ಕೇಳಿದ್ರೂ 'ಅದರಾಗ ಹೊಟ್ಟಿ ತುಂಬೂದಿಲ್ಲ' ಅಂತಾರ. ಇದಕ್ಕ ಬ್ಯಾರೆ ಕೋರ್ಸ್ ಏನರ ಐತೇನ್ರಿ? ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಬೇರೆ ಕೋರ್ಸೂ ಇಲ್ಲ, ಬೇರೆ ಸನದೂ (ವಕೀಲಿ ಮಾಡುವ ಪರವಾನಗಿ) ಇಲ್ಲ ತಮ್ಮಾ. ಎಲ್ಲರ ಹಾಗೆ ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿ ಶುಲ್ಕಕ್ಕೆ ಹೆದರಬೇಡ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ–ಪಂಗಡದವರಿಗೆ 125 ರೂಪಾಯಿಗೆ ಕಟ್ಟಿಹಾಕಿದೆ. ಅದಕ್ಕೂ ಮುಂಚೆ ಸಾವಿರಗಟ್ಟಲೆ ರೊಕ್ಕ ಹೊಂದಿಸಲಾಗದೆ, ಪದವಿ ಮುಗಿದ ಮೇಲೂ ಸನದಿಲ್ಲದೆ ಊರಲ್ಲಿ ಕುಳಿತ ಜಾಣ ಹುಡುಗರನ್ನು ಕಂಡಿದ್ದೇನೆ.

ಶುರು ಮಾಡುವುದು ಒಳ್ಳೆಯ ಟ್ರಯಲ್ ವಕೀಲರ ಕೈಕೆಳಗೆ. ಮೂರು ವರ್ಷ ಅಲ್ಲಿ ವಾಟ್ನಿ (ಆಸ್ತಿ ಪಾಲಿನ) ದಾವೆ, ಚೆಕ್ ಬೌನ್ಸು, ಅಪಘಾತ ಪರಿಹಾರ ಏನು ಬಂದರೂ ಮಾಡು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸಂವಿಧಾನದ 14, 17, 21ನೇ ವಿಧಿಗಳನ್ನು ಬಾಯಿಪಾಠ ಮಾಡಿಕೊಂಡು ಬರುವ ಹುಡುಗರಿಗೆ ಒಂದು ಪಂಚನಾಮೆ ಓದಲು ಬರುವುದಿಲ್ಲ. ದೌರ್ಜನ್ಯದ ಕೇಸೂ ನಿಲ್ಲುವುದು ಬೀಳುವುದು ಪಾಟಿ ಸವಾಲಿನಲ್ಲೇ. ಪಂಚರು ಎಲ್ಲಿ ಸಹಿ ಮಾಡಿದರು, ಫಿರ್ಯಾದಿ ಎಷ್ಟು ಗಂಟೆಗೆ ಠಾಣೆ ಮುಟ್ಟಿತು, ನಕಾಶೆಯಲ್ಲಿ ಆ ಮರ ಯಾವ ಬದಿಗಿದೆ ಅನ್ನುವುದನ್ನು ವಾಟ್ನಿ ದಾವೆಯಲ್ಲಿ ಕಲಿತರೂ ಕಲಿತದ್ದು ಕಲಿತದ್ದೇ.

ಹೊಟ್ಟೆಯ ಮಾತು: ನನ್ನ ಕಚೇರಿಯ ಬಾಡಿಗೆ ಇವತ್ತಿಗೂ ಬರುವುದು ಅಪಘಾತ ಪರಿಹಾರದ ಕೇಸುಗಳಿಂದ. ಅದರಿಂದಾಗಿಯೇ ಉಳಿದವರ ಹತ್ತಿರ ಫೀ ಕೇಳದೆ ಇರಬಲ್ಲೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಹಾಕು. ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಆ ವಕೀಲ ನೀನಾಗಬಹುದು. ಗೌರವಧನ ಕಡಿಮೆ, ಆದರೆ ಸೆಷನ್ಸ್ ಕೋರ್ಟಿನಲ್ಲಿ ನಿಂತು ಮಾತಾಡುವ ಅವಕಾಶ ಬೇಗ ಸಿಗುತ್ತದೆ.

ಪ್ರಶ್ನೆ (ಹುಬ್ಬಳ್ಳಿ, ನವನಗರದಿಂದ): ನೀವು ಈ ಕಡೆ ಹೆಂಗ ಬಂದ್ರಿ ಅಕ್ಕಾರ?

ಉತ್ತರ: 2010ರ ಜುಲೈ. ನಾನಾಗ ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಲೆತಲಾಂತರದಿಂದ ಊರಿನ ಮಲ ಎತ್ತಿದವರು, ತಾವಿದ್ದ ಜಾಗದಿಂದ ಎಬ್ಬಿಸುತ್ತಾರೆಂದು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಮರುದಿನ ಪೇಪರಿನಲ್ಲಿ ಆ ಫೋಟೋ ನೋಡಿದೆ. ಮಲ ಹೊರುವುದನ್ನು ನಿಷೇಧಿಸಿದ ಕಾನೂನು 1993ರಲ್ಲೇ ಬಂದಿತ್ತು. ನಮ್ಮ ಪಠ್ಯದಲ್ಲಿ ಅದಕ್ಕೆ ಅರ್ಧ ಪುಟ ಇತ್ತು, ಅದನ್ನು ಓದಿ ನಾನು ಪಾಸೂ ಆಗಿದ್ದೆ. ಸವಣೂರು ನಮ್ಮ ಕಾಲೇಜಿನಿಂದ ಎರಡು ತಾಸಿನ ದಾರಿಯೂ ಅಲ್ಲ. ಹದಿನೇಳು ವರ್ಷದ ಹಿಂದಿನ ಕಾನೂನು ಅಷ್ಟು ದೂರ ನಡೆದು ಹೋಗಿರಲಿಲ್ಲ. ಆ ವಾರ ನನಗೆ ಕ್ಲಾಸಿನಲ್ಲಿ ಕೂಡಲಾಗಲಿಲ್ಲ. 2013ರಲ್ಲಿ ಹೊಸ ಕಾಯ್ದೆ ಬಂತು. ಗಟಾರಿಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಅಂಥ ಕುಟುಂಬ ಬಂದರೆ ಕೈಯಲ್ಲಿ ಹಿಡಿದು ನಿಲ್ಲಲು ಒಂದು ಆದೇಶವಾದರೂ ಇದೆ.

ಪ್ರಶ್ನೆ (ಧಾರವಾಡ): ಸೋತ ಕೇಸು ಯಾವುದಾದರೂ ನೆನಪಲ್ಲಿ ಉಳಿದಿದೆಯೇ? ಅದರಿಂದ ಕಲಿತದ್ದು?

ಉತ್ತರ: ಇದೆ. ವೃತ್ತಿಗೆ ಬಂದ ಮೂರನೇ ವರ್ಷ. ಊರ ನಲ್ಲಿಯ ಮುಂದೆ, ಹತ್ತಾರು ಮಂದಿ ಕೊಡ ಹಿಡಿದು ನಿಂತಿದ್ದಾಗ, ಒಬ್ಬ ಕೂಲಿ ಹೆಂಗಸನ್ನು ಜಾತಿ ಹೆಸರು ಹಿಡಿದು ಬೈದು ಕೊಡ ಒದ್ದಿದ್ದರು. ನಾನು ಕಾಗದ ಕೈಗೆ ತೆಗೆದುಕೊಂಡದ್ದು ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ. ಫಿರ್ಯಾದಿಯಲ್ಲಿ ಏನಿತ್ತು ಗೊತ್ತೇ? 'ಮನೆಯ ಹತ್ತಿರ', 'ಅವಾಚ್ಯ ಶಬ್ದಗಳಿಂದ ಬೈದು'. ಇಷ್ಟೇ. ನಲ್ಲಿ ಇಲ್ಲ, ಕೊಡ ಹಿಡಿದ ಮಂದಿ ಇಲ್ಲ, ಬೈದ ಆ ಶಬ್ದವೂ ಇಲ್ಲ. ಜಾತಿ ಹಿಡಿದು ನಿಂದಿಸಿದ್ದು ಸಾರ್ವಜನಿಕರ ಕಣ್ಣೆದುರು ಆಗಿರಬೇಕು ಅನ್ನುತ್ತದೆ 1989ರ ದೌರ್ಜನ್ಯ ತಡೆ ಕಾಯ್ದೆಯ ಮೂರನೇ ಕಲಂ. ಆಕೆ ಕಟಕಟೆಯಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಾಗ, ಎದುರಿನ ವಕೀಲರು 'ಇದೆಲ್ಲಾ ಆಮೇಲೆ ಕಟ್ಟಿದ ಕಥೆ' ಅಂದರು. ಕಾಗದ ಅವರ ಪರವಾಗಿತ್ತು.

ಆರೋಪಿಗಳು ಬಿಡುಗಡೆಯಾದ ದಿನ ಆಕೆ ಕೋರ್ಟಿನ ಮೆಟ್ಟಿಲ ಮೇಲೆ ಕುಳಿತು ಕೇಳಿದಳು: "ಹಂಗಾರ ನಾ ಸುಳ್ಳ ಹೇಳಿದೆ ಅಂತ ಆತೇನ್ರಿ? ನಾ ಹೇಳಿದ್ದ ಒಂದು, ಅವರು ಬರಕೊಂಡದ್ದ ಒಂದು. ಹೆಬ್ಬಟ್ಟು ಒತ್ತು ಅಂದ್ರು, ಒತ್ತಿದೆ."

ಅಂದಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಫೋನು ಬಂದ ದಿನವೇ ಹೋಗುತ್ತೇನೆ, ಇಲ್ಲವೇ ಜೂನಿಯರನ್ನು ಕಳಿಸುತ್ತೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿಸದೆ ಹೆಬ್ಬಟ್ಟು ಒತ್ತಬೇಡಿ ಎನ್ನುತ್ತೇನೆ. ಬೈದ ಶಬ್ದ ಎಷ್ಟೇ ಹೊಲಸಾಗಿರಲಿ, ಅದನ್ನೇ ಬರೆಸಬೇಕು. ಯಾರು ಯಾರು ನಿಂತಿದ್ದರು, ಜಾಗ ಯಾವುದು, ಹೊತ್ತು ಎಷ್ಟು, ಎಲ್ಲವೂ ಮೊದಲ ಕಾಗದದಲ್ಲೇ ಬರಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕಾದ್ದು ಅವರ ಕರ್ತವ್ಯ, ಕೇಳಿ ಇಸಿದುಕೊಳ್ಳಬೇಕು. ಜಾತಿ ಪ್ರಮಾಣಪತ್ರ ಅವತ್ತೇ ಲಗತ್ತಿಸಬೇಕು. ಠಾಣೆಯಲ್ಲಿ ಹೊಡೆದಿದ್ದಾರೆಂಬ ದೂರಿದ್ದರೆ ಸಿಸಿಟಿವಿ ದೃಶ್ಯ ಕಾಯ್ದಿಡಿ ಎಂದು ಅವತ್ತೇ ಅರ್ಜಿ ಕೊಡಬೇಕು. ಠಾಣೆಯ ಕ್ಯಾಮೆರಾಗಳ ಬಗ್ಗೆ 2020ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶ ಇದೆ, ಆದರೆ ತಡಮಾಡಿದರೆ ದೃಶ್ಯ ಅಳಿಸಿಹೋಗಿದೆ ಎಂಬ ಉತ್ತರ ಬರುತ್ತದೆ.

ಈ ವೃತ್ತಿಯಲ್ಲಿ ಮುಕ್ಕಾಲು ಪಾಲು ಕೆಲಸ ಇಂಥದ್ದೇ. ದೊಡ್ಡ ವಾದ ಮಂಡಿಸುವ ದಿನ ವರ್ಷಕ್ಕೆ ಒಂದೋ ಎರಡೋ.

ಪ್ರಶ್ನೆ (ಅದೇ ಸದಸ್ಯರು): ಹೈಕೋರ್ಟ್ ಪೀಠ ಬಂದದ್ದರಿಂದ ಅನುಕೂಲ ಆಯಿತೇ?

ಉತ್ತರ: ಬಹಳ. 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ. ಅದಕ್ಕೂ ಮೊದಲು ಮಗನನ್ನು ಠಾಣೆಯಲ್ಲಿ ಕೂಡಿಹಾಕಿದ್ದಾರೆಂದು ಹೇಬಿಯಸ್ ಕಾರ್ಪಸ್ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ) ಹಾಕಬೇಕಿದ್ದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು ಎಂದು ನನ್ನ ಸೀನಿಯರ್ ಹೇಳುತ್ತಿದ್ದರು. ಬಂಧಿಸಿದವರನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವ 22ನೇ ವಿಧಿಗೆ ಈ ದೂರ ಕಡಿಮೆಯಾದದ್ದೇ ದೊಡ್ಡ ಬಲ.

ಪ್ರಶ್ನೆ (ಹಾವೇರಿ, ತಂದೆ): ಮೇಡಂರ, ನನ್ನ ಮಗಳು ಇದನ್ನ ಮಾಡ್ತೀನಿ ಅಂತಾಳ. ಮರಕುಂಬಿ ಕೇಸಿನ್ಯಾಗ 98 ಮಂದಿಗೆ ಜೀವಾವಧಿ ಆದದ್ದು ಓದಿದಾಗಿಂದ ಹಟ ಹಿಡದಾಳ. ಊರ ಮಂದಿ ಎದುರು ಹಾಕ್ಕೊಂಡು ಹೆಣ್ಣು ಹುಡುಗಿ ಬಾಳೇವು ಮಾಡೂದು ಹೆಂಗ್ರಿ?

ಉತ್ತರ: ಯಜಮಾನ್ರ, ನಿಮ್ಮ ಕಾಳಜಿ ಸುಳ್ಳಲ್ಲ. ನಮ್ಮಪ್ಪನೂ ಇದನ್ನೇ ಕೇಳಿದ್ದರು. ಮಗಳಿಗೆ ಆ ಕೇಸಿನ ಪೂರ್ತಿ ಲೆಕ್ಕ ಹೇಳಿ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್‌ನಲ್ಲಿ, ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ದೋಷಾರೋಪ ಪಟ್ಟಿ ಬಂದು ಸಾಧ್ಯವಾದಷ್ಟು ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಎನ್ನುತ್ತದೆ ದೌರ್ಜನ್ಯ ತಡೆ ಕಾಯ್ದೆ. ತೀರ್ಪಿನ ಮುಂದಿನ ತಿಂಗಳೇ ಧಾರವಾಡ ಪೀಠದಲ್ಲಿ ಬಹುತೇಕರಿಗೆ ಜಾಮೀನೂ ಆಯಿತು. ಆ ಹತ್ತು ವರ್ಷ ಅದೇ ಊರಲ್ಲಿ ಇದ್ದುಕೊಂಡು, ರಾಜಿ ಮಾಡಿಕೊಳ್ಳಿ ಎನ್ನುವವರ ನಡುವೆ, ಸಾಕ್ಷಿ ಹೇಳಿದವರು ವಕೀಲರಲ್ಲ, ಕೂಲಿ ಮಾಡುವ ಜನ. ನಿಮ್ಮ ಮಗಳು ಅವರ ಪಕ್ಕ ನಿಲ್ಲುತ್ತಾಳೆ. ಅವಳಿಗಿಂತ ಅಪಾಯ ಅವರಿಗೆ ಹೆಚ್ಚು.

ಹೆದರಿಸುವ ಫೋನು ನನಗೂ ಬಂದಿವೆ. ಒಬ್ಬಳೇ ಹಳ್ಳಿಗೆ ಹೋಗುವುದಿಲ್ಲ, ಹೋಗುವ ಮುಂಚೆ ಮನೆಯಲ್ಲಿ, ಕಚೇರಿಯಲ್ಲಿ ಹೇಳಿ ಹೋಗುತ್ತೇನೆ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬೇಕು ಯಜಮಾನ್ರ. ನಲ್ಲಿಯ ಮುಂದೆ ನಡೆದದ್ದನ್ನು ಆ ಹೆಂಗಸು ಗಂಡು ವಕೀಲರ ಮುಂದೆ ಪೂರ್ತಿ ಹೇಳಿರಲಿಲ್ಲ, ನನ್ನ ಮುಂದೆ ಹೇಳಿದಳು. ಮಗಳನ್ನು ಒಂದು ದಿನ ಹಾವೇರಿ ಕೋರ್ಟಿಗೆ ಕರೆದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂಡಿಸಿ, ನೀವೂ ಕೂಡಿ.

ಪ್ರಶ್ನೆ (ಗದಗ ಜಿಲ್ಲೆ): ಮೇಡಂ, ಕರಿಯರ್ ಪ್ರಶ್ನಾ ಅಲ್ಲ, ತಪ್ಪ ತಿಳೀಬ್ಯಾಡ್ರಿ. ನಮ್ಮ ಹೊಲಕ್ಕ ಹೋಗೋ ದಾರಿ ಬಂದ್ ಮಾಡಿ, ಕೇಳಾಕ ಹೋದ ಅಪ್ಪಗ ಜಾತಿ ಎತ್ತಿ ಬೈದಾರ. ಠಾಣಾದಾಗ 'ಸಿವಿಲ್ ಸ್ವರೂಪದ್ದು' ಅಂತ ಹಿಂಬರಹ ಕೊಟ್ಟು ಕಳಿಸ್ಯಾರ. ಮುಗೀತೇನ್ರಿ?

ಉತ್ತರ: ಮುಗದಿಲ್ಲೋ ತಮ್ಮಾ. ಆ ಹಿಂಬರಹ ಜ್ವಾಕಿ ಇಡು, ಅದ ನಮಗ ಬೇಕಾದ ಕಾಗದ. ಪರಿಶಿಷ್ಟರ ಹೊಲದ ಅನುಭೋಗಕ್ಕ ಅಡ್ಡಿ ಮಾಡೂದು ದೌರ್ಜನ್ಯ ತಡೆ ಕಾಯ್ದೇದ ಅದ ಮೂರನೇ ಕಲಮಿನ್ಯಾಗ ಅಪರಾಧ ಐತಿ, ಬರೇ ಸಿವಿಲ್ ಅಲ್ಲ. ಎಫ್‌ಐಆರ್ ಮಾಡೂಕ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಂತ ಅಂದ್ರ, ಈ ಕಾಯ್ದೇದಾಗ ಅದು ಬೇಕಾಗಿಲ್ಲ ಅಂತ 2018ರ ತಿದ್ದುಪಡಿ ಹೇಳ್ತೈತಿ. ಮೊದಲು ಎಸ್‌ಪಿ ಸಾಹೇಬರಿಗೆ ಲೇಖಿ ದೂರು ರಿಜಿಸ್ಟರ್ ಪೋಸ್ಟಿನ್ಯಾಗ ಕಳಸು, ರಸೀದಿ ಇಟ್ಕೊ. ಅಲ್ಲೂ ಆಗಲಿಲ್ಲಂದ್ರ ಅಫಿಡವಿಟ್ ಹಚ್ಚಿ ಕೋರ್ಟಿಗೆ ಹೋಗೂಣು. ದಾರಿ ಬಂದ್ ಮಾಡಿದ ಜಾಗದ ಫೋಟೋ ಇವತ್ತ ತಗೀರಿ, ನಾಳೆ ಬ್ಯಾಡ. ಅಪ್ಪಗ ಬೈಯುವಾಗ ಯಾರ್ಯಾರು ನಿಂತಿದ್ರು ಅಂತ ಒಂದು ಹಾಳಿ ಮ್ಯಾಲೆ ಬರೀರಿ. ಸೋಮವಾರ ಗದಗ ಕೋರ್ಟಿನ್ಯಾಗ ಇರ್ತೀನಿ, ಅಪ್ಪನ್ನ ಕರಕೊಂಡ ಬಾ. ಪಹಣಿ ಮತ್ತ ಜಾತಿ ಪ್ರಮಾಣಪತ್ರ ಮರೀಬ್ಯಾಡ.