ಗೇಟಿನ ಹತ್ತಿರ ಯಾರು ಬಂದರೂ ಮೇಲೆ ಹಾರುವ ನಾಯಿ, ಕೆಲವು ವಾರ ಮಾತ್ರ! ಏನು ಮಾಡೋದು?

ಗೂಡುಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಬೆಳೆಯುತ್ತೇವೆ. ನಮ್ಮ ನಾಯಿ ಜಾಕಿ, ನಾಟಿ, ಗಂಡು. ಎರಡು ವರ್ಷ ತುಂಬುತ್ತಾ ಬಂತು. ಬಣವೆ ಸಂದಿಯಲ್ಲಿ ಸಿಕ್ಕಿದ ಮರಿ.

ಮನೆಯವರ ಜೊತೆ ಬಂಗಾರ. ಅಮ್ಮ ಮುದ್ದೆ ತಿರುವುವಾಗ ಹೊಸ್ತಿಲ ಮೇಲೆ ಗದ್ದ ಇಟ್ಟುಕೊಂಡು ಮಲಗಿರುತ್ತಾನೆ. ಒಳಗೆ ಒಂದು ಹೆಜ್ಜೆ ಇಡೋದಿಲ್ಲ. ಅಮ್ಮ ಅವನ ಜೊತೆ ತೆಲುಗಲ್ಲಿ ಮಾತಾಡುತ್ತಾರೆ, ನಾವು ಕನ್ನಡದಲ್ಲಿ, ಮಕ್ಕಳು ಇಂಗ್ಲಿಷಲ್ಲಿ ‘ಕಮ್, ಸಿಟ್’ ಅಂತಾರೆ. ಮನಸ್ಸಾದರೆ ಕೇಳುತ್ತಾನೆ.

ತೊಂದರೆ ಗೇಟಿನ ಹತ್ತಿರ. ಹಗಲು ಅಲ್ಲೇ ಸಿಮೆಂಟ್ ಶೀಟಿನ ಕೆಳಗೆ ಚೈನ್ ಹಾಕಿ ಕಟ್ಟುತ್ತೇವೆ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೆಂಗಸರು ಬಂದರೆ, ಬೈಕ್ ನಿಂತರೆ, ಹಲ್ಲು ಬಿಟ್ಟುಕೊಂಡು ಹಾರುತ್ತಾನೆ. ಮೊನ್ನೆ ರೇಷ್ಮೆಗೂಡು ಸಾಗಿಸುವ ಲಗೇಜ್ ಆಟೊದವರ ಪ್ಯಾಂಟ್ ಹಿಡಿದ. ಹಲ್ಲು ತಾಗಲಿಲ್ಲ ಅಂದರು ಅವರು. ವಿಚಿತ್ರ ಏನು ಅಂದರೆ, ಹದಿನೈದು ಇಪ್ಪತ್ತು ದಿನ ಏನೂ ಇರೋದಿಲ್ಲ. ಅದೇ ಆಟೊದವರಿಗೆ ಬಾಲ ಅಲ್ಲಾಡಿಸುತ್ತಾನೆ. ಆಮೇಲೆ ಇದ್ದಕ್ಕಿದ್ದಂತೆ ಶುರು. ತಾತ ಅಮಾವಾಸ್ಯೆ ಲೆಕ್ಕ ಹಾಕುತ್ತಾರೆ.

ದೀಪಾವಳಿಗೆ ಅಕ್ಕ ಮೂರು ವರ್ಷದ ಮಗು ಕರೆದುಕೊಂಡು ಬರುತ್ತಾಳೆ. ಪಟಾಕಿ ಅಂದರೆ ಇವನು ಮಂಚದ ಕೆಳಗೆ ಸೇರಿ ನಡುಗುತ್ತಾನೆ, ಊಟವೂ ಬೇಡ. ಆನ್‌ಲೈನಲ್ಲಿ ಕರೆಂಟ್ ಹೊಡೆಯುವ ಬೆಲ್ಟ್ ಸಿಗುತ್ತೆ, ತರಿಸು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೇನು ದಾರಿ?

ತೋಟದಗೌಡ

ಇದಕ್ಕೆಲ್ಲ ಇಷ್ಟುದ್ದ ಬರೆಯಬೇಕಾ? ನಾಯಿಗೆ ಮನೆ ಯಜಮಾನ ಯಾರು ಅಂತ ಗೊತ್ತಿಲ್ಲ, ಅಷ್ಟೇ. ಗುರ್ ಅಂದ ತಕ್ಷಣ ಕೋಲಲ್ಲಿ ಎರಡು ಬಿಡಿ. ಊಟ ನೀವು ಮಾಡಿದ ಮೇಲೆ ಹಾಕಿ. ನಮ್ಮ ತೋಟದ ನಾಯಿಗಳು ನನ್ನ ಕೆಮ್ಮು ಕೇಳಿದರೆ ಸಾಕು, ಮೂಲೆ ಸೇರುತ್ತವೆ.

ಚಿಂತಾಮಣಿ_ನಿವೃತ್ತ

ನಾನು ಪಶುಪಾಲನಾ ಇಲಾಖೆಯಲ್ಲಿ ಇದ್ದವನು. ಈಗ ಮನೆ, ಎರಡು ಹಸು, ಈ ಮೊಬೈಲು.

ತಮ್ಮಾ, ಮೊದಲು ಆಟೊದವರ ಕಾಲನ್ನು ನೀನೇ ಕಣ್ಣಾರೆ ನೋಡು. ತರಚಿದ ಗೆರೆ ಇದ್ದರೂ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕಿತ್ತು. ಗೆರೆ ಕಂಡರೆ ಈಗಲಾದರೂ ಕರೆದುಕೊಂಡು ಹೋಗು, ತಡವಾಯಿತು ಅಂತ ಬಿಡಬೇಡ. ಜಾಕಿಗೆ ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸಿದ್ದೀಯ? ಇಲ್ಲದಿದ್ದರೆ ನಾಳೆಯೇ ಆ ಕೆಲಸ. ಹಾಗೇ ಕಿವಿ, ಉಣ್ಣೆ, ಕಾಲಿನ ಸಂದು ಎಲ್ಲ ತೋರಿಸಿಬಿಡು. ನೋವಿರುವ ನಾಯಿಗೆ ಪಾಠ ಹತ್ತೋದಿಲ್ಲ.

ಗೌಡರೇ, ಬೇಜಾರು ಮಾಡಿಕೊಳ್ಳಬೇಡಿ. ಈ ಯಜಮಾನನ ಲೆಕ್ಕ ಬಂದದ್ದು ಬೇಲಿಯೊಳಗೆ ಕೂಡಿಹಾಕಿದ ತೋಳಗಳನ್ನು ನೋಡಿ. ಎಲ್ಲೆಲ್ಲಿಂದಲೋ ತಂದು ಒಟ್ಟಿಗೆ ಬಿಟ್ಟ ತೋಳಗಳು, ಕಚ್ಚಾಡಿದವು. ಆ ಮಾತನ್ನು 1970ರಲ್ಲಿ ಜನಪ್ರಿಯ ಮಾಡಿದ ಡೇವಿಡ್ ಮೆಕ್ ಅನ್ನುವ ವಿಜ್ಞಾನಿಯೇ 1999ರಲ್ಲಿ ಅದನ್ನು ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ನಿಮ್ಮ ಕೆಮ್ಮಿಗೆ ಮೂಲೆ ಸೇರುವ ನಾಯಿ ಕಲಿತಿರುವುದು ನಿಮ್ಮ ಭಯವನ್ನು. ಗುರ್ ಅಂದಾಗ ಹೊಡೆದರೆ ಇನ್ನೂ ಅಪಾಯ. ಗುರ್ ಅನ್ನೋದು ‘ಹತ್ತಿರ ಬರಬೇಡ’ ಅನ್ನುವ ನೋಟಿಸು. ಅದನ್ನು ಹೊಡೆದು ನಿಲ್ಲಿಸಿದರೆ, ನಾಳೆ ನೋಟಿಸೇ ಇಲ್ಲದೆ ಕಚ್ಚುತ್ತೆ. ಕರೆಂಟ್ ಬೆಲ್ಟಿಗೂ ಇದೇ ಉತ್ತರ. ಸೊಪ್ಪಿನ ಹೆಂಗಸು ಬಂದಾಗ ಕುತ್ತಿಗೆ ಜುಮ್ ಅಂದರೆ, ಅವನು ಆ ಹೆಂಗಸಿನಿಂದಲೇ ನೋವು ಅಂದುಕೊಳ್ಳುತ್ತಾನೆ.

ಈಗ ನಿನ್ನ ವಿಚಿತ್ರಕ್ಕೆ ಬರೋಣ. ಗೋಡೆ ಕ್ಯಾಲೆಂಡರಿನಲ್ಲಿ ಚಾಕಿ ಹುಳ (ರೇಷ್ಮೆಯ ಎಳೇ ಹುಳ) ತಂದ ದಿನ ಬರೆದಿರುತ್ತೀರಲ್ಲ, ಅದನ್ನೂ ಜಾಕಿ ಕೆಟ್ಟದಾಗಿ ಆಡಿದ ದಿನಗಳನ್ನೂ ಪಕ್ಕಪಕ್ಕ ಇಟ್ಟು ನೋಡು. ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಹುಳ ಸೊಪ್ಪು ತಿನ್ನುವುದು ಬಿರುಮಳೆ ಸುರಿದ ಹಾಗೆ. ರಾತ್ರಿಯೆಲ್ಲ ಲೈಟು, ಹೊತ್ತಲ್ಲದ ಹೊತ್ತಲ್ಲಿ ಸೊಪ್ಪಿನ ಗಾಡಿ. ಆಮೇಲೆ ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗೆ) ಹಾಕಲು ಹೊಸ ಆಳುಗಳು. ಗೂಡು ಬಿಡಿಸಿದ ಮೇಲೆ ಬೆಳಗಿನ ಜಾವ ಮಾರ್ಕೆಟ್ಟಿಗೆ ಆಟೊ. ದೊಡ್ಡ ನಾಯಿಗೂ ದಿನಕ್ಕೆ 12 ಗಂಟೆಯಷ್ಟು ನಿದ್ದೆ ಬೇಕು. ಆ ದಿನಗಳಲ್ಲಿ ಅವನಿಗೆ ಎಷ್ಟು ಸಿಗುತ್ತೆ? ಒಂದು ಸಲ ಹೆದರಿದರೆ ಮೈ ತಣ್ಣಗಾಗಲು ಹೊತ್ತು ಬೇಕು. ಆಗುವಷ್ಟರಲ್ಲಿ ಇನ್ನೊಂದು ಬೈಕು. ಒಂದರ ಮೇಲೊಂದು ಕೂಡುತ್ತಾ ಹೋಗಿ, ಕೊನೆಗೆ ಬಂದವರ ಪ್ಯಾಂಟಿಗೆ ಬೀಳುತ್ತೆ. ಆಟೊದವರು ಅವರೇ, ಬಂದ ವಾರ ಬೇರೆ. ನಿದ್ದೆಗೆಟ್ಟು ನೀವೂ ಆ ವಾರ ಮನೆಯಲ್ಲಿ ರೇಗಾಡುತ್ತೀರಿ, ಅಲ್ವಾ?

ಹಾಗಾಗಿ ಅವನ ಜಾಗ ಬದಲಾಯಿಸು. ಕಟ್ಟಿದ ನಾಯಿಗೆ ಓಡಿ ಹೋಗುವ ದಾರಿ ಇಲ್ಲ, ಉಳಿದಿರುವುದು ಹಾರುವುದೊಂದೇ. ರಸ್ತೆ ಕಾಣದ ಕಡೆ ನೆರಳಲ್ಲಿ ಉದ್ದ ಹಗ್ಗ, ಕುತ್ತಿಗೆ ಬದಲು ಎದೆಗೆ ಹಾಕುವ ಪಟ್ಟಿ. ಬೆಳೆಯ ಕೊನೆ ವಾರದಲ್ಲಂತೂ ಗೇಟಿನ ಮುಖ ತೋರಿಸಬೇಡ.

ಪಾಠ ಶುರು ಮಾಡುವುದು ಚಾಕಿ ತಂದ ಹೊಸದರಲ್ಲಿ, ಮನೆ ಶಾಂತವಾಗಿರುವಾಗ. ಲಗೇಜ್ ಆಟೊ ಸದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೋ. ತೀರಾ ಸಣ್ಣಗೆ ಹಾಕು. ಕಿವಿ ತಿರುಗಿತಾ? ತಕ್ಷಣ ಬೇಯಿಸಿದ ಕೋಳಿ ಲಿವರಿನ ಚೂರು ಕೊಡು. ಸದ್ದು ನಿಂತರೆ ಲಿವರೂ ಬಂದ್. ಸದ್ದು ಮೊದಲು, ತಿಂಡಿ ಆಮೇಲೆ, ಇದು ತಿರುಗಮುರುಗ ಆಗಬಾರದು. ತಿಂಡಿ ಮೊದಲು ತೋರಿಸಿದರೆ ತಿಂಡಿ ಕಂಡರೇ ಹೆದರುವುದನ್ನು ಕಲಿಯುತ್ತಾನೆ. ಪಾವ್ಲೋವ್ ನಾಯಿಗಳ ಕಥೆ ಶಾಲೆಯಲ್ಲಿ ಓದಿರುತ್ತೀಯ, ಅದೇ ಇದು. ದಿನಕ್ಕೆ ಐದು ನಿಮಿಷ ಸಾಕು. ಆಮೇಲೆ ನಿಜವಾದ ಆಟೊ, ಹೊಲದ ಆ ತುದಿಯಿಂದ. ಲಿವರ್ ಮೂಸಿಯೂ ನೋಡದೆ ಆಟೊ ಕಡೆ ಕಣ್ಣು ನೆಟ್ಟರೆ ನೀನು ತುಂಬ ಹತ್ತಿರ ಬಂದಿದ್ದೀಯ ಅಂತ ಅರ್ಥ. ಹಿಂದೆ ಸರಿ, ಬೈಯಬೇಡ. ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬರದೆಯೂ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಇವೆಲ್ಲ ಬೊಗಳುವ ಮೊದಲೇ ಬರುತ್ತವೆ. ಅವನ್ನು ಓದಲು ಕಲಿತರೆ ಅರ್ಧ ಕೆಲಸ ಆಯಿತು.

ಕರೆಯಲು ಮನೆಯವರೆಲ್ಲ ಒಂದೇ ಮಾತು ಇಟ್ಟುಕೊಳ್ಳಿ. ಅಮ್ಮನ ತೆಲುಗಿನ ‘ರಾ’ ಚೆನ್ನಾಗಿದೆ, ಚಿಕ್ಕದು. ಮಕ್ಕಳೂ ಅದನ್ನೇ ಹೇಳಲಿ.

ಮಿಕ್ಸಿಅಕ್ಕ_ಗೌರಿಬಿದನೂರು

ತಾತನ ಅಮಾವಾಸ್ಯೆ ಲೆಕ್ಕ ದೀಪಾವಳಿಗಾದರೂ ಸರಿ ಬಿಡಿ, ಹಬ್ಬದ ಅಮಾವಾಸ್ಯೆಗೆ ನಮ್ಮ ಬೀದಿಯ ನಾಯಿಗಳೆಲ್ಲ ಮಾಯ! ಪಟಾಕಿ ರಾತ್ರಿ 8ರಿಂದ 10ರವರೆಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಯ ಹುಡುಗರಿಗೆ ಇನ್ನೂ ತಲುಪಿಲ್ಲ.

ನಮ್ಮ ಪುಟ್ಟಿಗೂ ಇದೇ ಕಾಟ. ನಾವು ಮಾಡೋದು ಇಷ್ಟು: ಬೆಳಕಿರುವಾಗಲೇ ದೂರ ಸುತ್ತಾಡಿಸಿ, ಹೊಟ್ಟೆ ತುಂಬ ಊಟ ಹಾಕಿ, ಕಿಟಕಿ ಇಲ್ಲದ ಒಳಕೋಣೆಯಲ್ಲಿ ಬಿಡುತ್ತೇವೆ. ಹಳೇ ಸೀರೆ, ಜೋರಾಗಿ ಫ್ಯಾನು, ಟಿವಿಯಲ್ಲಿ ಧಾರಾವಾಹಿ. ಅವಳೇ ಮಂಚದ ಕೆಳಗೆ ಹೋದರೆ ಎಳೆಯೋದಿಲ್ಲ, ಅದು ಅವಳ ಜಾಗ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತೆ ಅಂತಾರೆ, ನಂಬಬೇಡಿ. ಹತ್ತಿರ ಬಂದು ಒರಗಿದರೆ ಧಾರಾಳವಾಗಿ ಬೆನ್ನು ಸವರಿ. ಕೊರಳಪಟ್ಟಿಗೆ ಫೋನ್ ನಂಬರ್ ಬರೆದ ಬಿಲ್ಲೆ ಹಾಕಿರಿ. ಸದ್ದಿಗೆ ಬೆದರಿ ಓಡಿದ ನಾಯಿಗೆ ದಾರಿ ತಿಳಿಯೋದಿಲ್ಲ.

ತುಂಬ ನಡುಗುವ ನಾಯಿಗೆ ಮಾತ್ರೆ ಇದೆ. ಹಬ್ಬಕ್ಕೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಬರೀ ಅಸಿಪ್ರೊಮಜಿನ್ ಬರೆದುಕೊಟ್ಟರೆ ‘ಇದು ಭಯ ಕಡಿಮೆ ಮಾಡುತ್ತಾ, ಸುಮ್ನೆ ಮಲಗಿಸುತ್ತಾ’ ಅಂತ ಕೇಳಿ. ಅದರಿಂದ ಮೈ ಅಲ್ಲಾಡೋದಿಲ್ಲ, ಭಯ ಒಳಗೆ ಹಾಗೇ ಇರುತ್ತೆ. ಮನುಷ್ಯರ ನೋವಿನ ಮಾತ್ರೆಯಂತೂ ಬೇಡವೇ ಬೇಡ.

ಇನ್ನೊಂದು, ನಮ್ಮ ಜಿಲ್ಲೆಯಲ್ಲಿ ಹೇಳಲೇಬೇಕು. ಪಾಠಕ್ಕೆ ದ್ರಾಕ್ಷಿ ಕೊಡುವವರನ್ನು ನೋಡಿದ್ದೇನೆ, ಮನೆ ಮುಂದೆಯೇ ತೋಟ ಇದೆ ಅಂತ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಹಬ್ಬದ ಪಾಯಸ, ಚಾಕೊಲೇಟ್ ಕೂಡ ಬೇಡ. ಈರುಳ್ಳಿ ಹಾಕಿದ ಸಾರೂ ಬೇಡ, ಮುದ್ದೆಗೆ ಮೊಸರು ಕಲಸಿ.

ಗೂಡುಮನೆ

ಕ್ಯಾಲೆಂಡರ್ ನೋಡಿದೆ ಸಾರ್. ನೀವು ಹೇಳಿದ ಹಾಗೇ ಇದೆ. ಆಟೊದವರ ಪ್ಯಾಂಟ್ ಹಿಡಿದದ್ದು ಗೂಡು ಮಾರ್ಕೆಟ್ಟಿಗೆ ಹೋದ ದಿನ. ತಾತನಿಗೆ ತೋರಿಸಿದರೆ ‘ಆ ವಾರದಲ್ಲಿ ಅಮಾವಾಸ್ಯೆಯೂ ಇತ್ತು’ ಅಂತಾರೆ. ಆಟೊದವರ ಕಾಲೂ ನೋಡಿದೆ, ಗೆರೆ ಇಲ್ಲ. ಲಸಿಕೆ ಕಾರ್ಡ್ ಸಿಕ್ಕಿತು, ಅವಧಿ ಇನ್ನೂ ಇದೆ.

ಎರಡು ಅನುಮಾನ. ಹಿತ್ತಲಲ್ಲಿ ಹುಳದ ಮನೆ ಇದೆ, ಅದರ ಪಕ್ಕ ಕಟ್ಟಬಹುದಾ? ಮತ್ತೆ ಹಗಲೆಲ್ಲ ಒಂದೇ ಕಡೆ ಇದ್ದು ಬೇಜಾರಾದರೆ ಹಗ್ಗ ಕಡಿಯುತ್ತಾನೆ, ಅದಕ್ಕೆ?

ಚಿಂತಾಮಣಿ_ನಿವೃತ್ತ

ಹುಳದ ಮನೆ ಪಕ್ಕ ಬೇಡ. ಬೆಳೆಗೆ ಮುಂಚೆ ನೀವು ಫಾರ್ಮಲಿನ್ನೋ ಬ್ಲೀಚಿಂಗ್ ಪುಡಿಯೋ ಹೊಡೆಯುತ್ತೀರಿ. ನಮಗೇ ಕಣ್ಣು ಉರಿಯುತ್ತೆ, ಅವನ ಮೂಗಿಗೆ ಕೇಳಬೇಕಾ? ರಾತ್ರಿ ಲೈಟೂ ಅಲ್ಲೇ. ಹಿತ್ತಲ ಇನ್ನೊಂದು ಮೂಲೆ, ಹೊಂಗೆಯೋ ಹುಣಸೆಯೋ ಇದ್ದರೆ ಅದರ ಕೆಳಗೆ.

ಬೇಜಾರಿಗೆ ಮೂಗಿನ ಕೆಲಸ ಕೊಡು. ಮುರಿದ ಬಿದಿರು ಚಂದ್ರಿಕೆ ಅಟ್ಟದ ಮೇಲೆ ಇದ್ದೇ ಇರುತ್ತೆ. ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ, ಆ ಸುರುಳಿ ಪಟ್ಟಿಗಳ ಸಂದಿಯಲ್ಲಿ ಒಣ ಚಪಾತಿ ಚೂರು, ಹುರಿದ ಕಡಲೆಕಾಯಿ ಬೀಜ ಉದುರಿಸು. ಹುಡುಕಿ ಹುಡುಕಿ ತಿಂದು ಸುಸ್ತಾಗಿ ಮಲಗುತ್ತಾನೆ. ಸುತ್ತಾಡಿಸುವಾಗಲೂ ಬದು ಮೂಸಲು ಬಿಡು, ಎಳೆಯಬೇಡ. ನಾಯಿ ನೆಕ್ಕಿದ ಚಂದ್ರಿಕೆ ಮಾತ್ರ ಮತ್ತೆ ಹುಳದ ಮನೆಗೆ ಹೋಗಬಾರದು. ತಾತ ನಿನ್ನನ್ನೂ ಜಾಕಿಯನ್ನೂ ಒಟ್ಟಿಗೆ ಓಡಿಸುತ್ತಾರೆ.

ಮಗು ಬಂದಾಗ ಇಬ್ಬರ ನಡುವೆ ಬಾಗಿಲು ಇರಲಿ. ದೊಡ್ಡವರು ಪಕ್ಕದಲ್ಲಿ ಕೂತಿಲ್ಲದಿದ್ದರೆ ಒಂದು ನಿಮಿಷವೂ ಒಟ್ಟಿಗೆ ಬಿಡಬೇಡಿ, ಅವನು ಎಷ್ಟೇ ಬಂಗಾರ ಆಗಿರಲಿ. ಬಾಯಿಗೆ ಬುಟ್ಟಿಯಂಥ ಮುಸುಕು ಸಿಗುತ್ತೆ, ಉಸಿರಾಡಲು, ನೀರು ಕುಡಿಯಲು ಜಾಗ ಇರುವುದು. ಹಬ್ಬದ ದಿನ ಮೊದಲ ಸಲ ಹಾಕಿದರೆ ಕಿತ್ತಾಡುತ್ತಾನೆ. ಈಗಿನಿಂದಲೇ ಅದರೊಳಗೆ ಲಿವರ್ ಇಟ್ಟು ಅವನೇ ಮೂತಿ ತೂರಿಸುವ ಹಾಗೆ ಮಾಡು.